ಆಡಿದ ಕೈಯೇ ಬರೆದಾಗ

2017ರಲ್ಲಿ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಅದು ಮೊದಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ. ಆಗ ಅವರಿಗೆ ಮೂವತ್ತೈದು ದಾಟಿತ್ತು, ರೈಲ್ವೆಯಲ್ಲಿ ನೌಕರಿಯಿತ್ತು. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಈ ಪಟ್ಟ ಪಡೆಯುವ ಕಾಲ ಇದು. ಅಂಥ ಕಾಲದಲ್ಲಿ ಕೆಲಸದ ನಡುವೆಯೂ ಆಟವನ್ನು ಬಿಡದೆ ಹಿಡಿದು ಅಲ್ಲಿಗೆ ಮುಟ್ಟಿದ ಆಟಗಾರನ ಬಗ್ಗೆ ಕನ್ನಡಿಗರು ಇನ್ನೂ ಹೆಚ್ಚು ಮಾತಾಡಬೇಕಿತ್ತು.

ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್ ಆ ಪಟ್ಟಕ್ಕೇರಿದ್ದು 1988ರಲ್ಲಿ. ಆಂಧ್ರದ ಪೆಂಟೇಲ ಹರಿಕೃಷ್ಣ 2001ರಲ್ಲಿ, ಕೊನೇರು ಹಂಪಿ 2002ರಲ್ಲಿ ಏರಿದರು. ತಮಿಳುನಾಡಿನ ಪಟ್ಟಿ ವರ್ಷವರ್ಷವೂ ಉದ್ದವಾಗುತ್ತಲೇ ಇತ್ತು. ಹೀಗೆ ನೋಡಿದರೆ ಕರ್ನಾಟಕ ಬಹಳ ತಡವಾಗಿ ಎದ್ದಿತು. ಆದರೆ ಚದುರಂಗವನ್ನು ಆಡಿ, ಆಡಿದ್ದನ್ನು ಕುರಿತು ಬರೆದಿಡುವ ವಿಷಯದಲ್ಲಿ ಕಥೆ ತಿರುಗುಮುರುಗು. ಈ ನಾಡಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಹುಟ್ಟುವುದಕ್ಕೆ ಸುಮಾರು ಒಂಬೈನೂರು ವರ್ಷ ಮೊದಲೇ ಚದುರಂಗದ ಬರಹಗಾರ ಹುಟ್ಟಿದ್ದ. ಅವನು ಸಿಂಹಾಸನದ ಮೇಲೆ ಕೂತಿದ್ದ.

ಆ ಕಥೆಗೆ ಹೋಗುವ ಮೊದಲು ಈ ಪಟ್ಟ ಎಂದರೇನು, ಅದನ್ನು ಪಡೆದವರು ಲೇಖನಿ ಹಿಡಿಯುವುದೇಕೆ ಎಂಬುದನ್ನು ನೋಡಬೇಕು.

ವಿಶ್ವ ಚೆಸ್ ಸಂಸ್ಥೆಯಾದ ಫಿಡೆ 1950ರಲ್ಲಿ ಮೊದಲ ಬಾರಿಗೆ 27 ಆಟಗಾರರಿಗೆ ಅಧಿಕೃತವಾಗಿ ಗ್ರ್ಯಾಂಡ್‌ಮಾಸ್ಟರ್ ಎಂಬ ಬಿರುದು ಕೊಟ್ಟಿತು. ಈಗ ಅದನ್ನು ಪಡೆಯಲು ಎರಡು ಹೊಸ್ತಿಲು ದಾಟಬೇಕು. ಒಂದು, ರೇಟಿಂಗ್. ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಏಲೋ ರೂಪಿಸಿದ ಲೆಕ್ಕದ ಪ್ರಕಾರ ಆಟಗಾರನ ಅಂಕ ಒಮ್ಮೆಯಾದರೂ 2500 ಮುಟ್ಟಬೇಕು. ಇನ್ನೊಂದು, ನಾರ್ಮ್. ಬೇರೆ ಬೇರೆ ದೇಶಗಳ ಆಟಗಾರರೂ ಗ್ರ್ಯಾಂಡ್‌ಮಾಸ್ಟರ್‌ಗಳೂ ಇರುವ ಪಂದ್ಯಾವಳಿಗಳಲ್ಲಿ 2600 ಅಂಕದವನ ಮಟ್ಟಕ್ಕೆ ಆಡಿ ತೋರಿಸಬೇಕು. ಸಾಮಾನ್ಯವಾಗಿ ಅಂಥ ಮೂರು ನಾರ್ಮ್, ಒಟ್ಟು ಕನಿಷ್ಠ 27 ಆಟ. ಒಂದು ಟೂರ್ನಿಯ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಕೈತಪ್ಪಿತೆಂದರೆ ಆ ನಾರ್ಮ್ ಹೋಯಿತು. ವಿಮಾನದ ಟಿಕೆಟ್ಟು, ವೀಸಾ, ಹೋಟೆಲಿನ ಖರ್ಚು ಎಲ್ಲವೂ ಅದರ ಜತೆಗೇ ಹೋಯಿತು. ಪ್ರತಿಭೆಯಿದ್ದೂ ಅನೇಕರು ಒಂದು ಮೆಟ್ಟಿಲು ಕೆಳಗಿನ ಇಂಟರ್‌ನ್ಯಾಷನಲ್ ಮಾಸ್ಟರ್ ಹಂತದಲ್ಲೇ ನಿಂತುಬಿಡುವುದಕ್ಕೆ ಈ ಖರ್ಚೂ ದೊಡ್ಡ ಕಾರಣ.

ಇಷ್ಟೆಲ್ಲ ಪಾಡುಪಟ್ಟು ಪಟ್ಟ ಬಂದ ಮೇಲೂ ಹೊಟ್ಟೆಪಾಡು ತಾನಾಗಿ ನಡೆಯುವುದಿಲ್ಲ. ಬಹುಮಾನದ ಹಣದಿಂದಲೇ ಬದುಕುವವರು ಜಗತ್ತಿನ ಶಿಖರದಲ್ಲಿರುವ ಕೆಲವೇ ಮಂದಿ. ಉಳಿದವರು ರೈಲ್ವೆಯಲ್ಲೋ ತೈಲ ಕಂಪನಿಯಲ್ಲೋ ಕ್ರೀಡಾ ಕೋಟಾದ ನೌಕರಿ ಹಿಡಿಯುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ, ನೇರಪ್ರಸಾರದಲ್ಲಿ ಕೂತು ವಿವರಣೆ ಕೊಡುತ್ತಾರೆ, ಪತ್ರಿಕೆಗೆ ಅಂಕಣ ಬರೆಯುತ್ತಾರೆ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ರಾಬರ್ಟ್ ಬರ್ನ್ 1972ರಿಂದ 2006ರವರೆಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಚೆಸ್ ಅಂಕಣಕಾರರಾಗಿದ್ದರು. ಒಂದು ತಲೆಮಾರಿನ ಓದುಗರು ಬೆಳಗಿನ ಕಾಫಿಯ ಜತೆ ಅವರ ಅಂಕಣ ಓದಿಯೇ ಆಟದ ಸೂಕ್ಷ್ಮ ಕಲಿತರು.

ಹಣಕ್ಕಾಗಿಯೇ ಬರೆದರು ಎಂದರೆ ಮಾತ್ರ ಅದು ಅರ್ಧ ಸತ್ಯ. ಚದುರಂಗದಲ್ಲಿ ಹಲಗೆಯ ಮೇಲೆ ಕಾಣುವುದು ನಡೆ. ಆ ನಡೆಯ ಹಿಂದೆ ಇದ್ದ ಆಸೆ, ಅಂಜಿಕೆ, ಅರ್ಧಕ್ಕೇ ಕೈಬಿಟ್ಟ ಯೋಜನೆ, ಗಡಿಯಾರದ ಒತ್ತಡ ಯಾವುದೂ ಸ್ಕೋರ್ ಹಾಳೆಯಲ್ಲಿ ದಾಖಲಾಗುವುದಿಲ್ಲ. ಅದನ್ನು ಹೇಳಬಲ್ಲವನು ಆಡಿದವನೊಬ್ಬನೇ.

ಡೇವಿಡ್ ಬ್ರಾನ್‌ಸ್ಟೀನ್ ಮಾಡಿದ್ದು ಇದನ್ನೇ. 1951ರಲ್ಲಿ ವಿಶ್ವ ಚಾಂಪಿಯನ್ ಬೋಟ್ವಿನ್ನಿಕ್ ಎದುರು 12-12ರ ಸಮಬಲ ಸಾಧಿಸಿ, ಕೂದಲೆಳೆಯಲ್ಲಿ ಪಟ್ಟ ಕಳೆದುಕೊಂಡ ಸೋವಿಯತ್ ಆಟಗಾರ ಅವರು. ಎರಡು ವರ್ಷದ ನಂತರ ಸ್ವಿಟ್ಜರ್‌ಲೆಂಡಿನಲ್ಲಿ ನಡೆದ, ವಿಶ್ವ ಚಾಂಪಿಯನ್ನನ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲೂ ಆಡಿದರು. ಹದಿನೈದು ಆಟಗಾರರು, ಪ್ರತಿಯೊಬ್ಬರೂ ಉಳಿದವರೊಡನೆ ಎರಡೆರಡು ಬಾರಿ, ಒಟ್ಟು 210 ಆಟ. ಆ ಅಷ್ಟೂ ಆಟಗಳಿಗೆ ಬ್ರಾನ್‌ಸ್ಟೀನ್ ಟಿಪ್ಪಣಿ ಬರೆದರು. ನಡೆಗಳ ಕವಲುಗಳನ್ನು ರಾಶಿ ಹಾಕುವ ಬದಲು ಒಂದೊಂದು ಆಟದಲ್ಲೂ ಮನಸ್ಸು ಹೊರಳಿದ ಗಳಿಗೆಯನ್ನು ಹಿಡಿದು, ಅಲ್ಲಿ ಏನು ಯೋಚನೆ ನಡೆಯಿತು ಎಂಬುದನ್ನು ಮಾತಿನಲ್ಲಿ ಹೇಳಿದರು. ಪಂದ್ಯಾವಳಿ ಗೆದ್ದದ್ದು ಸ್ಮಿಸ್ಲೋವ್. ಆದರೆ ಇವತ್ತಿಗೂ ಅದನ್ನು ಜಗತ್ತು ನೆನೆಯುವುದು ಬ್ರಾನ್‌ಸ್ಟೀನ್ ಬರೆದ ಪುಸ್ತಕದಿಂದ.

ರೀಗಾ ನಗರದ ಮಿಖಾಯಿಲ್ ತಾಲ್ ಇನ್ನೂ ಬೇರೆಯ ಜೀವ. 1960ರಲ್ಲಿ ವಿಶ್ವ ಚಾಂಪಿಯನ್ ಆದವರು, ಅದೇ ದಶಕದಲ್ಲಿ ಲಾಟ್ವಿಯಾದ ಚೆಸ್ ಪತ್ರಿಕೆಯ ಸಂಪಾದಕರೂ ಆಗಿದ್ದರು. ತಮ್ಮ ಆತ್ಮಕಥೆಯನ್ನು ಅವರು ಸಂದರ್ಶನದ ರೂಪದಲ್ಲಿ ಬರೆದರು: ಪ್ರಶ್ನೆ ಕೇಳುವ ಪತ್ರಕರ್ತನೂ ಅವರೇ, ಉತ್ತರಿಸುವ ಆಟಗಾರನೂ ಅವರೇ.

ನಮ್ಮಲ್ಲಿ ಆನಂದ್ 1998ರಲ್ಲಿ ತಮ್ಮ ಆಯ್ದ ಆಟಗಳನ್ನು ವಿವರಿಸಿ ಪುಸ್ತಕ ತಂದರು. 2019ರಲ್ಲಿ ಸುಸಾನ್ ನೈನಾನ್ ಜತೆಗೂಡಿ ‘ಮೈಂಡ್ ಮಾಸ್ಟರ್’ ಎಂಬ ಬದುಕಿನ ಕಥನ ಬರೆದರು. ಅವರಿಗೂ ಮುಂಚೆ ದಾರಿ ಕಡಿದವರು ಮ್ಯಾನ್ಯುಯೆಲ್ ಆರನ್. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್, ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್. ಆಡುವ ವಯಸ್ಸು ದಾಟಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಚೆನ್ನೈನಿಂದ ‘ಚೆಸ್ ಮೇಟ್’ ಪತ್ರಿಕೆ ನಡೆಸಿದರು, ವಿಜಯ್ ಪಂಡಿತ್ ಅವರೊಂದಿಗೆ ಭಾರತೀಯ ಚೆಸ್‌ನ ಇತಿಹಾಸವನ್ನೇ ಬರೆದರು.

ಆಟ, ಪಾಠ, ಬರಹ ಮೂರೂ ಒಬ್ಬರಲ್ಲೇ ಕೂಡಿದ ಉದಾಹರಣೆ ಬೇಕಿದ್ದರೆ ಚೆನ್ನೈನ ಆರ್.ಬಿ. ರಮೇಶ್ ಇದ್ದಾರೆ. 2002ರಲ್ಲಿ ಬ್ರಿಟಿಷ್ ಚಾಂಪಿಯನ್, ಮರುವರ್ಷ ಗ್ರ್ಯಾಂಡ್‌ಮಾಸ್ಟರ್. ಇಂಡಿಯನ್ ಆಯಿಲ್‌ನ ಭದ್ರವಾದ ನೌಕರಿ ಬಿಟ್ಟು 2008ರಲ್ಲಿ ಪತ್ನಿ ಆರತಿ ರಾಮಸ್ವಾಮಿಯವರೊಂದಿಗೆ ‘ಚೆಸ್ ಗುರುಕುಲ’ ತೆರೆದರು. ಗ್ರ್ಯಾಂಡ್‌ಮಾಸ್ಟರ್‌ಗಳಾದ ಪ್ರಜ್ಞಾನಂದ, ವೈಶಾಲಿ ಅಲ್ಲಿ ಬೆಳೆದ ಮಕ್ಕಳು. 2022ರಲ್ಲಿ ರಮೇಶ್ ಬರೆದ, ನಡೆಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವ ಕಲೆಯ ಮೇಲಿನ ಪುಸ್ತಕವನ್ನು ಹಾಲೆಂಡಿನ ‘ನ್ಯೂ ಇನ್ ಚೆಸ್’ ಪ್ರಕಟಿಸಿತು. ಮಕ್ಕಳೆದುರು ಕೂತು ಕಲಿಸಿದ ವರ್ಷಗಳ ಅನುಭವ ಅದರಲ್ಲಿದೆ. ಚೆನ್ನೈನ ತರಗತಿಯೊಂದರಲ್ಲಿ ಹುಟ್ಟಿದ ಪಾಠವನ್ನು ಯೂರೋಪಿನ ಆಟಗಾರರು ಓದಿ ಕಲಿಯುವಂತಾಯಿತು. ಬರೆಯದಿದ್ದರೆ ಅದು ಆ ಕೋಣೆಯ ಗೋಡೆ ದಾಟುತ್ತಿರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಇವರೆಲ್ಲ ಬರೆಯುವ ಅಗತ್ಯವೇನು ಎಂದು ಕೇಳುವವರಿದ್ದಾರೆ. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಇವತ್ತು ಜೇಬಿನ ಮೊಬೈಲ್ ಕೂಡ ವಿಶ್ವ ಚಾಂಪಿಯನ್ನನಿಗಿಂತ ಬಲವಾಗಿ ಆಡುತ್ತದೆ. ಕಾಸ್ಪರೋವ್ ತಮ್ಮ ಹಿಂದಿನ ಚಾಂಪಿಯನ್ನರ ಮೇಲೆ 2003ರಿಂದ ಸಂಪುಟಗಳನ್ನು ತರತೊಡಗಿದಾಗ, ಸಾಮಾನ್ಯ ಓದುಗರೂ ಕಂಪ್ಯೂಟರ್ ಮುಂದಿಟ್ಟುಕೊಂಡು ಅವರ ವಿಶ್ಲೇಷಣೆಯಲ್ಲಿ ತಪ್ಪು ಹುಡುಕಿದರು. ಅಲ್ಲಿಂದಾಚೆಗೆ ಯಾವ ಬರಹಗಾರನೂ ಯಂತ್ರದ ತಪಾಸಣೆಯಿಲ್ಲದೆ ಪುಸ್ತಕ ಅಚ್ಚಿಗೆ ಕಳಿಸುವುದಿಲ್ಲ. ಅದು ಒಳ್ಳೆಯದೇ. ಆದರೆ ಯಂತ್ರ ಕೊಡುವುದು ಗಣಿತ ಪುಸ್ತಕದ ಕೊನೆಯ ಪುಟದಲ್ಲಿರುವ ಉತ್ತರದಂಥದು. ಈ ನಡೆ ಚೆನ್ನಾಗಿದೆ, ಬಿಳಿ ಕಾಯಿಯವರಿಗೆ ಇಷ್ಟು ಮೇಲುಗೈ ಎಂದು ಅಂಕಿ ತೋರಿಸುತ್ತದೆ, ಅಷ್ಟೆ. ಹತ್ತು ವರ್ಷದ ಹುಡುಗಿಗೆ ಬೇಕಾದದ್ದು ಮಾರ್ಗ: ಇಲ್ಲಿ ಕುದುರೆಯನ್ನು ಯಾಕೆ ಹಿಂದಕ್ಕೆ ತರಬೇಕು, ಚೆಂದ ಕಾಣುವ ಆ ದಾಳಿ ಯಾಕೆ ಮೂರು ನಡೆ ಕಳೆದ ಮೇಲೆ ಕುಸಿಯುತ್ತದೆ. ಅದನ್ನು ತಾನೂ ಒಮ್ಮೆ ಅಲ್ಲಿ ಎಡವಿದ ಮನುಷ್ಯನೇ ಹೇಳಬೇಕು.

ಇನ್ನು ನಮ್ಮ ನೆಲದ ಕಥೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳಿದ್ದು 1126ರಿಂದ 1138ರವರೆಗೆ. ಭೂಲೋಕಮಲ್ಲ ಎಂಬುದು ಅವನ ಬಿರುದು. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನ ಸಾಮ್ರಾಜ್ಯ ತೆಂಕಣದಲ್ಲಿ ನೊಳಂಬವಾಡಿಯನ್ನೂ ಒಳಗೊಂಡಿತ್ತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಈಗಿನ ಹೇಮಾವತಿ, ಮಲ್ಲಿಕಾರ್ಜುನ ಗುಡಿಯ ಕಂಬದೂರು, ಕಲ್ಯಾಣದುರ್ಗದ ಸುತ್ತಲಿನ ನೆಲ ಆ ಸೀಮೆಯವೇ. ಇವತ್ತು ರಾಜ್ಯದ ಗಡಿರೇಖೆಯ ಆಚೆ ಆಂಧ್ರದಲ್ಲಿರುವ ಈ ಊರುಗಳೂ ಆ ಪರಂಪರೆಯ ಹಕ್ಕುದಾರರೇ.

ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥ. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯಾಡಳಿತದಿಂದ ಹಿಡಿದು ಅಡುಗೆಯವರೆಗೆ, ಆನೆ ಹಿಡಿಯುವುದರಿಂದ ಸಂಗೀತದವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಇಡ್ಲಿಯ ಪೂರ್ವರೂಪವನ್ನು ಹುಡುಕುವವರು ಮೊರೆಹೋಗುವ ಗ್ರಂಥವೂ ಇದೇ. ಆದರೆ ಅದರ ಕೊನೆಯ ವಿಂಶತಿಯಲ್ಲಿ, ಆಟಪಾಟಗಳ ಭಾಗದಲ್ಲಿ, ಚದುರಂಗಕ್ಕೆಂದೇ ಅರವತ್ತಕ್ಕೂ ಮಿಕ್ಕಿ ಶ್ಲೋಕಗಳಿವೆ ಎಂಬುದು ಎಷ್ಟು ಜನರಿಗೆ ಗೊತ್ತು? ಚದುರಂಗ ಹುಟ್ಟಿದ್ದು ಭಾರತದಲ್ಲಿ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಹಳೆಯ ಕಾಲದಲ್ಲಿ ಇಲ್ಲಿ ಅದನ್ನು ಹೇಗೆ ಆಡುತ್ತಿದ್ದರು ಎಂದು ವಿವರವಾಗಿ ಹೇಳುವ ಭಾರತೀಯ ಆಕರಗಳು ಬಹಳ ವಿರಳ. ಅಂಥ ವಿರಳ ಆಕರವೊಂದನ್ನು ಕನ್ನಡ ನಾಡಿನ ದೊರೆ ಬಿಟ್ಟುಹೋಗಿದ್ದಾನೆ. ಜರ್ಮನಿಯ ಸಂಸ್ಕೃತ ವಿದ್ವಾಂಸ ಆಂಡ್ರಿಯಾಸ್ ಬಾಕ್-ರಾಮಿಂಗ್ ಈ ಶ್ಲೋಕಗಳ ಮೇಲೆ ಪ್ರತ್ಯೇಕ ಅಧ್ಯಯನವನ್ನೇ ನಡೆಸಿದರು.

ಸೋಮೇಶ್ವರನಿಂದ ಏಳು ಶತಮಾನ ದಾಟಿದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಎದುರಾಗುತ್ತಾರೆ. ಹುಟ್ಟಿದ್ದು 1794ರಲ್ಲಿ. ಶ್ರೀರಂಗಪಟ್ಟಣ ಬಿದ್ದ ಮೇಲೆ 1799ರಲ್ಲಿ ಐದರ ಬಾಲಕನಾಗಿ ಪಟ್ಟಕ್ಕೇರಿದರು. ದಿವಾನ್ ಪೂರ್ಣಯ್ಯನವರ ನಂತರ ತಾವೇ ಆಡಳಿತ ವಹಿಸಿಕೊಂಡರು. 1831ರಲ್ಲಿ ಬ್ರಿಟಿಷರು ಆ ಆಡಳಿತವನ್ನು ಕಿತ್ತುಕೊಂಡರು. ಆಗ ಅವರಿಗೆ ಮೂವತ್ತೇಳು, ಬದುಕಿದ್ದು 1868ರವರೆಗೆ. ರಾಜ್ಯವಿಲ್ಲದ ರಾಜನಾಗಿ ಕಳೆದ ಆ ದೀರ್ಘ ಕಾಲವನ್ನು ಅವರು ಗ್ರಂಥಗಳಿಗೆ, ಚಿತ್ರಕಲೆಗೆ, ಆಟಗಳಿಗೆ ಕೊಟ್ಟರು.

ಅವರ ಹೆಸರಿನಲ್ಲಿ ಆಸ್ಥಾನದ ಪಂಡಿತರು, ಚಿತ್ರಕಾರರು ಸೇರಿ ರೂಪಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ. ಮೊದಲ ಎಂಟು ದೇವತಾಮೂರ್ತಿಗಳ ಲಕ್ಷಣ, ಗ್ರಹ, ಆಗಮಗಳಿಗೆ ಮೀಸಲು. ಒಂಬತ್ತನೆಯದು ಕೌತುಕನಿಧಿ. ಯೋಗಾಸನಗಳ ಚಿತ್ರಗಳೂ ಆಟಗಳೂ ಬರುವುದು ಅಲ್ಲಿ. ಗಂಜೀಫಾ ಎಲೆಗಳ ಆಟವನ್ನು ಮುಮ್ಮಡಿಯವರು ನೂರಾರು ಎಲೆಗಳವರೆಗೆ ಹಿಗ್ಗಿಸಿದರು. ಮೈಸೂರು ಗಂಜೀಫಾ ಎಂಬ ಚಿತ್ರಪರಂಪರೆ ಇವತ್ತಿಗೂ ಉಸಿರಾಡುತ್ತಿರುವುದಕ್ಕೆ ಅವರ ಅಕ್ಕರೆಯೇ ಕಾರಣ. ಅವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳಲ್ಲಿ ಒಡೆಯರ ವಂಶವೃಕ್ಷದ ಜತೆಗೆ ಆಟದ ಹಾಸುಗಳೂ ಚಿತ್ರಗಳಾಗಿ ನಿಂತಿವೆ.

ಇವೆಲ್ಲದರ ನಡುವೆ ಚದುರಂಗದಲ್ಲಿ ಅವರ ಮನಸ್ಸು ನೆಟ್ಟದ್ದು ಕುದುರೆಯ ಮೇಲೆ. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಹಾರುವ ಕುದುರೆಯನ್ನು ಹಲಗೆಯ ಒಂದು ಮನೆಯಲ್ಲಿ ಇಟ್ಟು, ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸಿ ಬರಬೇಕು. ಇದು ಹಳೆಯ ಒಗಟು. ಕಾಶ್ಮೀರದ ರುದ್ರಟ ಒಂಬತ್ತನೆಯ ಶತಮಾನದಲ್ಲೇ ತನ್ನ ಅಲಂಕಾರ ಗ್ರಂಥದಲ್ಲಿ ಇಂಥ ಕುದುರೆ ಪಯಣವನ್ನು ಪದ್ಯವಾಗಿ ಹೆಣೆದಿದ್ದ. ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರು ‘ಪಾದುಕಾ ಸಹಸ್ರ’ದಲ್ಲಿ ಮಾಡಿದ್ದು ಇನ್ನೂ ಬೆರಗಿನದು. ಒಂದು ಶ್ಲೋಕದ ಮೂವತ್ತೆರಡು ಅಕ್ಷರಗಳನ್ನು ಎಂಟೆಂಟರ ನಾಲ್ಕು ಸಾಲಾಗಿ ಬರೆದು ಕುದುರೆ ನಡೆಯಲ್ಲಿ ಓದಿಕೊಂಡು ಹೋದರೆ ಮುಂದಿನ ಶ್ಲೋಕ ಸಿಗುತ್ತದೆ. ಯೂರೋಪಿನಲ್ಲಿ ಗಣಿತಜ್ಞ ಆಯ್ಲರ್ ಈ ಒಗಟಿಗೆ ಕೈಹಾಕಿದ್ದು 1759ರ ಸುಮಾರಿಗೆ.

ಮುಮ್ಮಡಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಕುದುರೆ ಮುಟ್ಟಿದ ಮನೆಗಳಿಗೆ ಅನುಕ್ರಮವಾಗಿ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತ ಹೋದಾಗ, ಆ ಸಂಖ್ಯೆಗಳ ಪ್ರತಿಯೊಂದು ಅಡ್ಡಸಾಲೂ ಪ್ರತಿಯೊಂದು ಉದ್ದಸಾಲೂ ಒಂದೇ ಮೊತ್ತ ಕೊಡುವಂತೆ ಪಯಣಗಳನ್ನು ಹೆಣೆದರು. ಎಂಟು ಮನೆಯ ಹಲಗೆಯಲ್ಲಿ ಆ ಮೊತ್ತ 260. ಕುದುರೆಯ ನಿಯಮವನ್ನೂ ಮುರಿಯಬಾರದು, ಕೂಡುವ ಲೆಕ್ಕವೂ ತಪ್ಪಬಾರದು. ಇಂಥ ಪಯಣವೊಂದನ್ನು ಇಂಗ್ಲೆಂಡಿನ ವಿಲಿಯಂ ಬೆವರ್ಲಿ 1848ರಲ್ಲಿ ಪ್ರಕಟಿಸಿದಾಗ ಅದೊಂದು ವಿಸ್ಮಯವಾಗಿತ್ತು. ಅದೇ ಕಾಲಘಟ್ಟದಲ್ಲಿ ಮೈಸೂರಿನಲ್ಲೂ ಅದೇ ಸಾಹಸ ನಡೆದಿತ್ತು. ಎಂಟು ಮನೆಯ ಹಲಗೆಯಲ್ಲಿ ಇಂಥ ಪಯಣಗಳು ಒಟ್ಟು ಎಷ್ಟು ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2003ರಲ್ಲಿ, ಕಂಪ್ಯೂಟರನ್ನು ಎರಡು ತಿಂಗಳಷ್ಟು ಲೆಕ್ಕಕ್ಕೆ ಹಚ್ಚಿದ ಮೇಲೆ: ಮೂಲಭೂತವಾಗಿ ಬೇರೆ ಬೇರೆಯಾದವು 140 ಮಾತ್ರ. ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳೂ 260 ಆಗುವ ಪಯಣ ಒಂದೂ ಇಲ್ಲವೆಂದೂ ಆಗಲೇ ಖಚಿತವಾಯಿತು. ಯಂತ್ರದ ನೆರವಿಲ್ಲದೆ, ಕಾಗದ ಮಸಿ ಹಿಡಿದು ಆ ಹುಡುಕಾಟಕ್ಕೆ ಇಳಿದವರ ಸಾಲಿನಲ್ಲಿ ನಮ್ಮವರೊಬ್ಬರು ಇದ್ದರು.

ಅವರು ಇವತ್ತಿನ ಅರ್ಥದ ಗ್ರ್ಯಾಂಡ್‌ಮಾಸ್ಟರ್ ಅಲ್ಲ. ಅವರ ಕಾಲದಲ್ಲಿ ಆ ಬಿರುದೇ ಇರಲಿಲ್ಲ. ಆದರೆ ಆಟವನ್ನು ತಳದವರೆಗೆ ಬಲ್ಲವನು ಅದನ್ನು ಮುಂದಿನವರಿಗೆ ದಾಟಿಸಬೇಕೆಂಬ ಹಂಬಲ ಬ್ರಾನ್‌ಸ್ಟೀನ್ ಅವರಲ್ಲಿದ್ದಂತೆ, ರಮೇಶ್ ಅವರಲ್ಲಿರುವಂತೆ ಮುಮ್ಮಡಿಯವರಲ್ಲೂ ಇತ್ತು. ಅವರು ಮಾಡಿಟ್ಟ ಕೆಲಸವನ್ನು ಕೂಡಿಸಿ ಇಡೀ ಪುಸ್ತಕವಾಗಿ ಬರೆದವರು ಆರ್. ವಸಂತ, ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಇತಿಹಾಸ ವಿದ್ವಾಂಸರು. ಆ ಪುಸ್ತಕ ಹೊರಬಂದದ್ದು 2006ರಲ್ಲಿ, ಇಂಗ್ಲಿಷಿನಲ್ಲಿ, ಜರ್ಮನಿಯಿಂದ. ಮೈಸೂರು ಅರಸರ ಚದುರಂಗವನ್ನು ಓದಲು ಕನ್ನಡಿಗ ಜರ್ಮನಿಯ ಪ್ರಕಟಣೆಯನ್ನು ಹುಡುಕಬೇಕಾದದ್ದು ನೋವಿನ ಸಂಗತಿ.

ತೇಜ್‌ಕುಮಾರ್ ನಂತರ ಶಿವಮೊಗ್ಗದ ಜಿ.ಎ. ಸ್ಟ್ಯಾನಿ, ಮೈಸೂರಿನವರೇ ಆದ ಗಿರೀಶ್ ಕೌಶಿಕ್ ಗ್ರ್ಯಾಂಡ್‌ಮಾಸ್ಟರ್ ಆದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹದಿನೈದರ ಹುಡುಗ ಪ್ರಣವ್ ಆನಂದ್ ರುಮೇನಿಯಾದ ಮಮಾಯಿಯಾದಲ್ಲಿ ದೇಶದ 76ನೆಯ ಗ್ರ್ಯಾಂಡ್‌ಮಾಸ್ಟರ್ ಆಗಿ, ಅದೇ ಕೂಟದಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ ಗೆದ್ದು ಬಂದ. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದ ಮೇಲಂತೂ ಮನೆಮನೆಯಲ್ಲಿ ಚೆಸ್ ಹಲಗೆ ಬಿಚ್ಚಿಕೊಂಡಿದೆ. ಊರಿನ ಶಾಲೆಯ ಹುಡುಗಿಗೂ ಈಗ ಆಟದ ಹುಚ್ಚು ಹತ್ತಿದೆ. ಅವಳ ಕೈಗೆ ಕೊಡಲು ಕನ್ನಡದಲ್ಲಿ, ನಮ್ಮ ಗ್ರ್ಯಾಂಡ್‌ಮಾಸ್ಟರ್ ತಾನೇ ಆಡಿದ ಆಟವನ್ನು ತಾನೇ ಬಿಡಿಸಿ ಹೇಳುವ ಪುಸ್ತಕ ಬೇಕು.

ಅದು ಕಷ್ಟದ ಕೆಲಸವೂ ಅಲ್ಲ. ಬೆಲ್‌ಗ್ರೇಡ್‌ನಿಂದ 1966ರಲ್ಲಿ ಶುರುವಾದ ‘ಚೆಸ್ ಇನ್ಫರ್ಮೆಂಟ್’ ಅಕ್ಷರಗಳ ಬದಲು ಕಾಯಿಗಳ ಪುಟ್ಟ ಚಿತ್ರಗಳನ್ನೂ ಸಂಕೇತಗಳನ್ನೂ ಬಳಸಿ, ಯಾವ ಭಾಷೆಯವನೂ ನಡೆಗಳನ್ನು ಓದುವಂತೆ ಮಾಡಿಬಿಟ್ಟಿತು. ನಡೆಗಳನ್ನು ಬರೆಯುವ ತೊಡಕು ಅಲ್ಲಿಗೆ ತೀರಿತು. ಉಳಿದದ್ದು ವಿವರಣೆ. ಅದಕ್ಕೆ ಬೇಕಾದ ಆನೆ, ಒಂಟೆ, ಕುದುರೆ, ಮಂತ್ರಿ, ಕಾಲಾಳು ನಮ್ಮ ಜಗಲಿಗಳಲ್ಲಿ ತಲೆಮಾರುಗಳಿಂದ ಓಡಾಡಿಕೊಂಡೇ ಇವೆ.

ಆದ್ದರಿಂದ ಕೇಳಿಕೊಳ್ಳುವುದಿಷ್ಟೆ. ಕರ್ನಾಟಕದ ಗ್ರ್ಯಾಂಡ್‌ಮಾಸ್ಟರ್‌ಗಳು ತಮ್ಮ ಹತ್ತು ಹತ್ತು ಆಟಗಳನ್ನಾದರೂ, ಸೋತವನ್ನೂ ಸೇರಿಸಿ, ಕನ್ನಡದಲ್ಲಿ ವಿವರಿಸಿ ಬರೆಯಲಿ. ಬರೆಯಲು ಬಿಡುವಿಲ್ಲದವರು ಹೇಳಲಿ, ಪತ್ರಕರ್ತರು ಬರೆದುಕೊಳ್ಳಲಿ. ಮಾನಸೋಲ್ಲಾಸದ ಚದುರಂಗ ಭಾಗವನ್ನೂ ಮುಮ್ಮಡಿಯವರ ಕುದುರೆ ಪಯಣಗಳನ್ನೂ ಚಿತ್ರಸಮೇತ ಸರಳ ಕನ್ನಡದಲ್ಲಿ ತರುವ ಹೊಣೆಯನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗವೋ ಕನ್ನಡ ಪುಸ್ತಕ ಪ್ರಾಧಿಕಾರವೋ ಹೊರಲಿ. ಅಚ್ಚಾದ ಪ್ರತಿಗಳು ಬೆಂಗಳೂರಿನ ಅಂಗಡಿಗಳಲ್ಲೇ ಉಳಿಯದೆ ಕಂಬದೂರಿನಂಥ ಗಡಿಯೂರುಗಳ, ಕಾಸರಗೋಡಿನ ಕನ್ನಡ ಶಾಲೆಗಳ ಗ್ರಂಥಾಲಯಗಳಿಗೂ ಮುಟ್ಟಲಿ.